ಮೂವತ್ತೊಂದರ ಮುದ್ರೆ

ಮುದ್ರೆ ಒತ್ತಿದ್ದು ನಾನೇ. ಯಾರೂ ನನ್ನ ಕೈ ಹಿಡಿದು ಒತ್ತಿಸಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಹೇಳಿದರೆ ಅಷ್ಟು ಹೊತ್ತಿಗೆ ನಿಮಗೆ ನನ್ನ ಮೇಲೆ ಕನಿಕರ ಹುಟ್ಟಿಬಿಟ್ಟಿರುತ್ತದೆ. ನನಗೆ ಅದು ಬೇಡ.

ನಾನು ಮೂವತ್ತನೆಯ ನಂಬರು. ಪಕ್ಕದ ಮೆಷಿನ್ನಿನವಳು ಮೂವತ್ತೊಂದು. ಡೇಗು ಪಟ್ಟಣದ ಹೊಳೆದಂಡೆಯ ಹೊಲಿಗೆ ಕಾರ್ಖಾನೆಯಲ್ಲಿ ನಾವು ಅರವತ್ತು ಹೆಂಗಸರು. ಗುಡ್ಡದ ಮೇಲೆ ಕಾದಾಡುವ ಸೈನಿಕರಿಗೆ ಹತ್ತಿ ತುಂಬಿದ ಚಳಿಕೋಟು ಹೊಲಿಯುವುದು ನಮ್ಮ ಕೆಲಸ. ಉತ್ತರಕ್ಕೂ ದಕ್ಷಿಣದ ನಮಗೂ ಯುದ್ಧ ಶುರುವಾಗಿ ಅದು ಮೂರನೆಯ ಚಳಿಗಾಲ.

ನಮ್ಮಲ್ಲಿ ಮದುವೆಯಾದ ಹೆಂಗಸಿನ ಹೆಸರು ಯಾರಿಗೂ ಬೇಕಾಗುವುದಿಲ್ಲ. ತವರೂರಿನ ಹೆಸರು ಹಿಡಿದು ಕರೆಯುತ್ತಾರೆ. ಅವಳು ಉಯ್ಸೊಂಗ್ ಕಡೆಯವಳು, ಹಾಗಾಗಿ ಉಯ್ಸೊಂಗ್ ಅಕ್ಕ. ನಾನು ಉತ್ತರದ ವೊನ್ಸಾನ್‌ನಿಂದ ಇಬ್ಬರು ಹೆಣ್ಣುಮಕ್ಕಳನ್ನು ಸೊಂಟಕ್ಕೆ ಕಟ್ಟಿಕೊಂಡು ಹಡಗು ಹತ್ತಿ ಓಡಿಬಂದವಳು, ಹಾಗಾಗಿ ವೊನ್ಸಾನ್. ನನ್ನ ಗಂಡ ಸತ್ತನೋ ಇದ್ದಾನೋ ಗೊತ್ತಿಲ್ಲ. ನಮ್ಮಿಬ್ಬರ ಗುಡಿಸಲುಗಳ ನಡುವೆ ಇದ್ದದ್ದು ಒಂದು ರಟ್ಟಿನ ಗೋಡೆ. ಅವಳು ಕೆಮ್ಮಿದರೆ ನನ್ನ ಮಕ್ಕಳಿಗೆ ಎಚ್ಚರವಾಗುತ್ತಿತ್ತು.

ಕಾರ್ಖಾನೆಯಲ್ಲಿ ಊರ ಹೆಸರೂ ಇಲ್ಲ. ಒಂದು ನಂಬರು, ಆ ನಂಬರು ಕೊರೆದ ಹೆಬ್ಬೆಟ್ಟಿನಷ್ಟು ದಪ್ಪದ ಒಂದು ಮರದ ಮುದ್ರೆ. ಅದನ್ನು ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳಬೇಕು. ಕೋಟು ಮುಗಿದ ಮೇಲೆ ಕಾಲರಿನ ಒಳಗಡೆ ಒತ್ತಬೇಕು. ಮುದ್ರೆ ಎಂದರೆ ನಮ್ಮ ದೇಶದಲ್ಲಿ ಗಂಡಸಿನ ವಸ್ತು. ಜಮೀನಿರಲಿ, ಮದುವೆಯಿರಲಿ, ಕೋರ್ಟಿರಲಿ, ಮುದ್ರೆ ಬಿದ್ದರೇ ಕಾಗದಕ್ಕೆ ಜೀವ. ಉಯ್ಸೊಂಗ್ ಅಕ್ಕನಿಗೆ ಅದು ಸಿಕ್ಕ ದಿನ ಮುಖ ನೋಡಬೇಕಿತ್ತು.

"ನೋಡೇ ವೊನ್ಸಾನ್, ನಂಗೂ ಮುದ್ರೆ ಬಂತು! ನಮ್ಮಪ್ಪಂಗೇ ಇರ್ಲಿಲ್ಲ, ಗೊತ್ತಾ?"

"ಅದ್ರಲ್ಲಿ ನಿನ್ನ ಹೆಸರಿಲ್ವಲ್ಲ ಅಕ್ಕಾ, ಬರೀ ನಂಬರು."

"ಹೆಸರಿದ್ರೆ ಯಾರು ಓದ್ಬೇಕು? ನಂಗಂತೂ ಬರಲ್ಲ. ಮೂವತ್ತೊಂದು ಅಂತ ದಾಲ್ಸೂಗೆ ಬರಿ. ಕೋಟು ಬಂದಾಗ ಕಾಲರ್ ತಿರುಗ್ಸಿ ನೋಡ್ಲಿ."

ಅವಳಿಗೆ ಗಂಡನಿಲ್ಲ, ದಾಲ್ಸು ಒಬ್ಬನೇ ಮಗ. ಹತ್ತೊಂಬತ್ತು ವರ್ಷ. ಪೂರ್ವದ ಗುಡ್ಡದ ಸಾಲಿನಲ್ಲಿ ಕಾವಲಿಗಿದ್ದ. ಅವಳ ಪರವಾಗಿ ಕಾಗದ ಬರೆಯುವುದು, ಬಂದ ಕಾಗದ ಓದುವುದು ನನ್ನ ಕೆಲಸ. ನಾನು ನಾಲ್ಕು ವರ್ಷ ಶಾಲೆಗೆ ಹೋದವಳು. ಆ ನಾಲ್ಕು ವರ್ಷಕ್ಕೆ ಎಷ್ಟು ಶಾಪ ಹಾಕಿದ್ದೇನೋ ಈಗ.

ಕೆಲಸ ಎಂದರೆ ಹೀಗೆ. ಬೆಳಿಗ್ಗೆ ಏಳಕ್ಕೆ ಕೂತರೆ ಸಂಜೆ ಏಳಕ್ಕೆ ಏಳುವುದು. ಉಚ್ಚೆಗೆ ಎರಡೇ ಸಲ. ಮೂರನೆಯ ಸಲ ಎದ್ದರೆ ಬ್ಯೊನ್ ಮೇಸ್ತ್ರಿ ಎಲ್ಲರೆದುರಿಗೆ "ಏನಮ್ಮಾ, ಬಸುರಿಯಾ? ಅಪ್ಪ ಯಾರು?" ಎಂದು ಕೇಳುತ್ತಿದ್ದ. ಸೂಜಿ ಉಗುರೊಳಗೆ ನುಗ್ಗಿದರೆ ಓಡಿಬಂದು ಮೊದಲು ಬಟ್ಟೆ ನೋಡುತ್ತಿದ್ದ, ರಕ್ತ ತಾಗಿದೆಯೋ ಎಂದು. ಬೆರಳು ನೋಡಿದ್ದು ಒಂದು ಸಲವೂ ಇಲ್ಲ. ಸಂಜೆ ಗೇಟಿನಲ್ಲಿ ನಮ್ಮ ಎದೆ, ಸೊಂಟ, ತುರುಬು ತಡವಿ ಹೊರಗೆ ಬಿಡುತ್ತಿದ್ದರು. ನೂಲೆಳೆ ಕದ್ದಿದ್ದೇವೆಯೋ ಎಂದು!

ಹತ್ತಿ ಬರುತ್ತಿತ್ತು. ಹಡಗಿನಲ್ಲಿ, ರೈಲಿನಲ್ಲಿ, ಪರದೇಶದ ಅಕ್ಷರದ ಮೂಟೆಗಳಲ್ಲಿ ಬೆಳ್ಳಗಿನ ಹತ್ತಿ ಬರುತ್ತಿತ್ತು. ದೇಶದ ದುಡ್ಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಸೈನ್ಯಕ್ಕೇ ಎಂದು ರೇಡಿಯೋದವನು ಹೆಮ್ಮೆಯಿಂದ ಹೇಳುತ್ತಿದ್ದ. ಮುಂದಿನ ಗೇಟಿನಲ್ಲಿ ಲಾರಿ ಒಳಗೆ ಬರುತ್ತಿತ್ತು. ಮಾಲೀಕ ಪ್ಯೊ ತಾನೇ ನಿಂತು ಮೂಟೆ ಇಳಿಸಿಕೊಳ್ಳುತ್ತಿದ್ದ. ಮೂರನೆಯ ದಿನ ಹಿಂದಿನ ಗೇಟಿನಿಂದ ಅದೇ ಮೂಟೆಗಳು ಹೊರಗೆ ಹೋಗುತ್ತಿದ್ದವು. ನಮಗೆ ಬರುತ್ತಿದ್ದದ್ದು ಹುಲ್ಲು. ಹಳೆಯ ಭತ್ತದ ಹುಲ್ಲಿನ ಚೀಲಗಳನ್ನು ನೆನೆಹಾಕಿ, ಕೊಡತಿಯಲ್ಲಿ ಬಡಿದು, ನಾರು ಬಿಡಿಸಿ ಒಣಗಿಸುವುದೂ ನಮ್ಮದೇ ಕೆಲಸ. ಆ ನಾರನ್ನು ಒಳಗೆ ತುಂಬಿ, ಮೇಲೊಂದು ಕೆಳಗೊಂದು ತೆಳ್ಳಗೆ ಹತ್ತಿ ಹಾಸಿ ಹೊಲಿಯಬೇಕು. ತೂಕ ಸರಿಹೋಗುತ್ತಿತ್ತು. ಮುಟ್ಟಿದರೆ ಮೆತ್ತಗೂ ಇರುತ್ತಿತ್ತು, ಒಂದು ಸಲ ನೆನೆಯುವ ತನಕ. ಹುಲ್ಲಿನ ದೂಳು ಗಂಟಲಲ್ಲಿ ಕೂತು ನಾವು ಉಗುಳಿದರೆ ಹಳದಿ.

ಹತ್ತು ಕೋಟು ಮಾತ್ರ ನಿಜವಾದವು. ನುಸಿಗುಳಿಗೆ ಹಾಕಿದ ಪೆಟ್ಟಿಗೆಯಲ್ಲಿ ಇರುತ್ತಿದ್ದವು. ಪರೀಕ್ಷೆಗೆ ಯಾರು ಬಂದರೂ ಆ ಹತ್ತೇ ಮೇಜಿನ ಮೇಲೆ. ಎರಡು ವರ್ಷದಿಂದ ಅವೇ ಹತ್ತು. ತಿಂಗಳಿಗೊಮ್ಮೆ ಸೈನ್ಯದ ಕಡೆಯಿಂದ ಸರಕು ಒಪ್ಪಿಕೊಳ್ಳಲು ಮೆಂಗ್ ಕರ್ನಲ್ ಬಂದು, ಅವನ್ನೇ ತಟ್ಟಿ, "ಭೇಷ್" ಎಂದು ಹೋಗುತ್ತಿದ್ದ.

ಅವನಿಗೆ ಗೊತ್ತಿರಲಿಲ್ಲ ಎಂದುಕೊಳ್ಳಬೇಡಿ. ಶರತ್ಕಾಲದಲ್ಲಿ ಅವನ ಮಗಳ ಮದುವೆ. ಮದುಮಗಳು ಗಂಡನ ಮನೆಗೆ ಹತ್ತಿಯ ರಜಾಯಿ ಹೊತ್ತುಕೊಂಡು ಹೋಗುವುದು ನಮ್ಮಲ್ಲಿ ಪದ್ಧತಿ. ಮೇಸ್ತ್ರಿ ನಮ್ಮಲ್ಲಿ ಮೂವರನ್ನು ಕರ್ನಲ್ ಮನೆಗೆ ಕಳಿಸಿದ. ನಾನು, ಉಯ್ಸೊಂಗ್ ಅಕ್ಕ, ಪೊಹಂಗ್ ಚಿಕ್ಕಮ್ಮ. ಚಿಕ್ಕಮ್ಮನದು ಒಂಬತ್ತನೆಯ ನಂಬರು, ಬಾಯಿ ಜೋರು, ಗಂಡ ಇದ್ದಾನೆ, ಮೂವರು ಗಂಡುಮಕ್ಕಳು.

ಕರ್ನಲ್‌ನ ತಾಯಿ ಹೊಸಿಲಲ್ಲಿ ನಿಂತು ಕೇಳಿದಳು. "ಗಂಡು ಹೆತ್ತವಳು ಯಾರು? ಗಂಡ ಇರೋಳು ಯಾರು?"

ಚಿಕ್ಕಮ್ಮ ಕೈ ಎತ್ತಿದಳು.

"ನೀನೊಬ್ಬಳೇ ಸೂಜಿ ಹಿಡಿ. ಆ ವಿಧವೆ ಅಂಗಳದಲ್ಲೇ ಇರ್ಲಿ. ಇವಳೂ ಅಷ್ಟೆ, ಗಂಡ ಇದಾನೋ ಇಲ್ವೋ ಅನ್ನೋಳು. ಮೂಟೆ ಬಿಚ್ಚಲಿ, ಹತ್ತಿ ಬಿಡಿಸ್ಲಿ. ಬಟ್ಟೆ ಮಾತ್ರ ಮುಟ್ಬೇಡಿ, ಮದುವೆ ಬಟ್ಟೆ."

ಅಂಗಳದಲ್ಲಿ ಕೂತು ಮೂಟೆ ಬಿಚ್ಚಿದೆವು. ಅದೇ ಪರದೇಶದ ಅಕ್ಷರ. ಅದರ ಪಕ್ಕದಲ್ಲೇ ನಮ್ಮ ಸೈನ್ಯದ ಕರಿ ಗುರುತು. ಎರಡು ದಿನ ಹತ್ತಿ ಬಿಡಿಸಿದೆವು. ಎಂಟು ರಜಾಯಿ. ಒಂದೊಂದೂ ಅಂಗೈ ಅಗಲದಷ್ಟು ದಪ್ಪ. ಉಯ್ಸೊಂಗ್ ಅಕ್ಕ ಹತ್ತಿಯಲ್ಲಿ ಮೊಣಕೈವರೆಗೆ ಕೈ ಹೂತು ಕೂತಿದ್ದಳು.

"ಏನಕ್ಕಾ?" ಎಂದೆ.

"ಬೆಚ್ಚಗಿದೆ ಕಣೇ" ಎಂದಳು.

ಅದಾದ ಮೂರನೆಯ ವಾರ ದಾಲ್ಸುವಿನ ಕಾಗದ ಬಂತು. ಮಧ್ಯಾಹ್ನದ ಬಾರ್ಲಿ ಅನ್ನ ತಿನ್ನುತ್ತ ಗೋಡೆ ಮರೆಯಲ್ಲಿ ಓದಿದೆ. ಕ್ಷೇಮ ಸಮಾಚಾರ ಓದಿದೆ, ನಿನ್ನ ಕೆಮ್ಮು ಹೇಗಿದೆ ಎಂದದ್ದು ಓದಿದೆ. ಆಮೇಲಿನದನ್ನು ಕಣ್ಣಲ್ಲೇ ನೋಡಿ ಕಾಗದ ಮಡಚಿದೆ.

"ಅಷ್ಟೇನಾ?"

"ಅಷ್ಟೇ ಅಕ್ಕಾ."

"ನಂಗೆ ಓದು ಬರಲ್ಲ, ಕಣ್ಣು ಕಾಣ್ಸತ್ತೆ. ಎರಡು ಹಾಳೆ ಇದೆ. ನೀನು ಓದಿದ್ದು ಒಂದು. ಪೂರ್ತಿ ಓದೇ."

ಓದಿದೆ. 'ಅಮ್ಮಾ, ಹೊಸ ಕೋಟು ಬಂತು. ಹನ್ನೆರಡು, ನಲವತ್ತನಾಲ್ಕು, ಐವತ್ತು, ಎಲ್ಲ ನೋಡಿದೆ. ಮೂವತ್ತೊಂದು ಸಿಗಲಿಲ್ಲ. ಮೊನ್ನೆ ಮಳೆ ಬಂತು. ಒಳಗಿದ್ದದ್ದೆಲ್ಲ ಜಾರಿ ಸೊಂಟದ ಹತ್ತಿರ ಗಂಟಾಯಿತು. ಕೊಯ್ದು ನೋಡಿದರೆ ಹುಲ್ಲು. ನನ್ನ ಪಕ್ಕದ ಗುಂಡಿಯಲ್ಲಿ ಕಾವಲಿದ್ದವನು ಬೆಳಿಗ್ಗೆ ಏಳಲಿಲ್ಲ. ಕೂತಲ್ಲೇ ಸೆಟೆದುಕೊಂಡಿದ್ದ. ಇದನ್ನು ಹೊಲಿದವರ ಕೈ ಸೇದಿಹೋಗಲಿ ಎಂದು ಎಲ್ಲರೂ ಬೈಯುತ್ತಾರೆ. ನಮ್ಮಮ್ಮನ ಕೋಟು ಬರಲಿ, ಮೂವತ್ತೊಂದು ನಂಬರು, ಅದರಲ್ಲಿ ಹತ್ತಿ ಇರುತ್ತದೆ ಎಂದು ನಾನು ಹೇಳಿದ್ದೇನೆ.'

ಅವಳು ಅನ್ನದ ಡಬ್ಬಿ ಮುಚ್ಚಿದಳು. ಎದ್ದು ಹೋಗಿ ಮೆಷಿನ್ನಿನ ಮುಂದೆ ಕೂತಳು. ಅವಳು ಹೊಲಿದ ಕೋಟಿನಲ್ಲಿ ಏನಿದೆ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಎರಡು ದಿನ ಬಿಟ್ಟು ಜನರಲ್ ಬರುತ್ತಾರೆ ಎಂದು ಗದ್ದಲವೆದ್ದಿತು. ರಾಜಧಾನಿಯಿಂದ ಬರುವ ದೊಡ್ಡ ಸಾಹೇಬರು, ಜೊತೆಗೊಬ್ಬ ಪರದೇಶದ ಅಧಿಕಾರಿ. ನಮಗೆಲ್ಲ ತಲೆಗೆ ಬಿಳಿ ಬಟ್ಟೆ ಕೊಟ್ಟರು. ನೆಲಕ್ಕೆ ಮರಳು ಹೊಸದಾಗಿ ಹಾಸಿದರು. ಜನರಲ್ ನಡೆಯುವ ದಾರಿಗೆ ಉಣ್ಣೆಯ ಜಮಖಾನ ಬಂತು. ಹತ್ತು ಕೋಟು ಪೆಟ್ಟಿಗೆಯಿಂದ ಹೊರಬಿದ್ದವು.

"ಏನಾದ್ರೂ ಕೇಳಿದ್ರೆ ಬಗ್ಗಿ ನಮಸ್ಕಾರ ಮಾಡೋದು, ಅಷ್ಟೆ" ಎಂದ ಮೇಸ್ತ್ರಿ. "ಬಾಯಿ ಬಿಟ್ಟರೆ ಹಲ್ಲು ನನ್ನ ಕೈಗೆ ಬರತ್ತೆ."

ಜನರಲ್ ಬಂದರು. ಹಿಂದೆ ಮೆಂಗ್ ಕರ್ನಲ್, ಪ್ಯೊ, ಕ್ಯಾಮೆರಾದವರು. ಹತ್ತು ಕೋಟು ತಟ್ಟಿ ನೋಡಿದರು. ಪರದೇಶದವನು ಒಂದನ್ನು ಹಾಕಿಕೊಂಡು ನಕ್ಕ, ಫೋಟೋ ತೆಗೆದರು. ನಮ್ಮ ಸಾಲಿಗೆ ಬಂದಾಗ ಉಯ್ಸೊಂಗ್ ಅಕ್ಕ ಎದ್ದು ನಿಂತಳು. ನಮಸ್ಕಾರಕ್ಕೆ ಎಂದುಕೊಂಡೆ. ಅವಳ ಕೈಯಲ್ಲಿ ಕತ್ತರಿ ಇತ್ತು.

ಆಗತಾನೇ ಮುಗಿಸಿ, ಮುದ್ರೆ ಒತ್ತಿದ್ದ ತನ್ನದೇ ಕೋಟನ್ನು ಎತ್ತಿ ಹಿಡಿದಳು. ಕಾಲರಿನಿಂದ ಸೊಂಟದವರೆಗೆ ಒಂದೇ ಸಲಕ್ಕೆ ಸೀಳಿದಳು. ಹುಲ್ಲು ಜನರಲ್‌ನ ಹೊಳೆಯುವ ಬೂಟಿನ ಮೇಲೆ ಸುರಿಯಿತು.

"ಇದನ್ನ ನನ್ನ ಮಗ ಹಾಕ್ಕೊಂಡಿದಾನೆ ಸಾಹೇಬ್ರೇ" ಎಂದಳು. "ಆ ಹತ್ತು ಬಿಡಿ. ಇದನ್ನ ಹಾಕ್ಕೊಂಡು ಒಂದಿನ ಗುಡ್ಡದ ಮೇಲೆ ಕೂತ್ಕೊಳ್ಳಿ. ಒಂದೇ ದಿನ."

ಅರವತ್ತು ಮೆಷಿನ್ನು ನಿಂತವು. ಈಗ ಆಗುತ್ತದೆ, ಈಗ ಇವರು ಸಿಕ್ಕಿಬಿದ್ದರು ಎಂದುಕೊಂಡೆ. ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ.

ಜನರಲ್ ಕರ್ನಲ್ ಕಡೆ ನೋಡಿದರು. ಕರ್ನಲ್ ಪ್ಯೊ ಕಡೆ ನೋಡಿದ. ಪ್ಯೊ ಮೇಸ್ತ್ರಿ ಕಡೆ ನೋಡಿದ. ಮೇಸ್ತ್ರಿ ಬಗ್ಗಿ ಕೋಟು ಎತ್ತಿ, ಕಾಲರ್ ತಿರುಗಿಸಿ, ಗಟ್ಟಿಯಾಗಿ ಓದಿದ.

"ಮೂವತ್ತೊಂದು. ಇವಳದೇ ಮುದ್ರೆ ಸಾಹೇಬ್ರೇ. ಹತ್ತಿ ಕದ್ದು ಹುಲ್ಲು ತುಂಬಿದಾಳೆ."

ಕರ್ನಲ್ ಉಸಿರು ಬಿಟ್ಟಿದ್ದು ನನಗೆ ಕೇಳಿಸಿತು. "ಅದಕ್ಕೇ ನೋಡಿ, ಪ್ರತಿ ಕೋಟಿಗೂ ಮುದ್ರೆ ಹಾಕಿಸೋದು. ಕಳ್ಳರು ತಾವಾಗೇ ಸಿಕ್ತಾರೆ" ಎಂದ.

ಪರದೇಶದವನಿಗೆ ದುಭಾಷಿ ಏನೋ ಹೇಳಿದ. ಅವನು ತಲೆಯಾಡಿಸಿ ಪುಸ್ತಕದಲ್ಲಿ ಬರೆದುಕೊಂಡ. ಜನರಲ್ ಬೂಟು ಒರೆಸಿಸಿಕೊಂಡು ಮುಂದೆ ನಡೆದರು.

ಪಕ್ಕದ ಕೋಟು ಸೀಳಿದ್ದರೆ, ರಾಶಿಯಿಂದ ಯಾವುದೋ ಒಂದನ್ನು ಎಳೆದಿದ್ದರೆ, ಒಂದಲ್ಲ ಐದು ಸೀಳಿದ್ದರೆ! ಅವಳು ತನ್ನದನ್ನೇ ಸೀಳಿದಳು. ಬೇರೆಯವರ ಹೊಟ್ಟೆಯ ಮೇಲೆ ಹೊಡೆಯಬಾರದು ಎಂದು. ಅವಳನ್ನು ಎಳೆದುಕೊಂಡು ಹೋಗುವಾಗ ನನ್ನ ಮೇಲೆ ಬಿದ್ದಳು. ಬೇಕೆಂದೇ ಬಿದ್ದಳು ಎಂದು ಆಮೇಲೆ ತಿಳಿಯಿತು.

ಮಧ್ಯಾಹ್ನ ನಮ್ಮನ್ನೆಲ್ಲ ಅಂಗಳದಲ್ಲಿ ಸಾಲು ನಿಲ್ಲಿಸಿ ಒಳಬಟ್ಟೆಯವರೆಗೆ ಬಿಚ್ಚಿಸಿದರು. ಹಿಮ ಬೀಳುವ ಹಾಗಿತ್ತು. ಪೊಹಂಗ್ ಚಿಕ್ಕಮ್ಮ ಹಲ್ಲು ಕಟಕಟಿಸುತ್ತ, "ಚೆನ್ನಾಗಿ ನೋಡ್ಕೊಳ್ಳಪ್ಪಾ, ನಿಮ್ಮಮ್ಮಂಗೂ ಇದೇ ಇರೋದು" ಎಂದಳು. ಅದಕ್ಕೆ ಬಂದೂಕಿನ ಹಿಡಿಯಿಂದ ಬೆನ್ನಿಗೆ ತಿಂದಳು. ಅರವತ್ತು ಹೆಂಗಸರ ಮೈಮೇಲೆ ಒಂದು ಹಿಡಿ ಹತ್ತಿ ಸಿಗಲಿಲ್ಲ.

ಆಮೇಲೆ ಐದು ಜನರನ್ನು ಒಳಗೆ ಕರೆದರು. ಅವಳ ಅಕ್ಕಪಕ್ಕ ಕೂರುವವರು. ಮೊದಲು ನಾನು. ಮಿಲಿಟರಿ ಪೊಲೀಸ್ ಅಧಿಕಾರಿ ಒಲೆಯ ಪಕ್ಕ ಕೂತಿದ್ದ. ಅವನ ಮುಂದೆ ಕಾಗದ ಆಗಲೇ ಸಿದ್ಧವಾಗಿತ್ತು. ಮೂಲೆಯಲ್ಲಿ ಉಯ್ಸೊಂಗ್ ಅಕ್ಕ ಮಂಡಿಯೂರಿದ್ದಳು. ತುಟಿ ಒಡೆದಿತ್ತು.

"ಇವಳ ಹೆಸರೇನು?"

"ಉಯ್ಸೊಂಗ್ ಅಕ್ಕ."

"ಅದು ಊರು. ಹೆಸರು?"

ನನಗೆ ಗೊತ್ತಿರಲಿಲ್ಲ. ಎರಡು ವರ್ಷ ಪಕ್ಕದಲ್ಲಿ ಕೂತಿದ್ದೆ. ಅವಳ ಮಗನ ಕಾಗದ ಓದಿದ್ದೆ. ಹೆಸರು ಗೊತ್ತಿರಲಿಲ್ಲ.

"ತಾಕ್ ಪಿಲ್‌ನ್ಯೊ" ಎಂದಳು ಅವಳೇ, ಮೂಲೆಯಿಂದ. ಇನ್ನು ಹೆಣ್ಣು ಸಾಕು ಎಂದು ಅಪ್ಪ ಅಮ್ಮ ಇಡುವ ಹೆಸರು ಅದು.

ಅಧಿಕಾರಿ ಬರೆದುಕೊಂಡ. ಕಾಗದ ನನ್ನ ಕಡೆ ತಳ್ಳಿದ. "ಇವಳು ಹತ್ತಿ ಕದ್ದು ಸಾಗಿಸೋದು ನೋಡಿದೀಯ. ಮುದ್ರೆ ಒತ್ತು."

ನಾನು ಕೊರಳಿನ ಮುದ್ರೆಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡೆ.

"ಎಲ್ಲಿಯವಳು ನೀನು?"

"ವೊನ್ಸಾನ್."

"ಓಹೋ! ಉತ್ತರದವಳು" ಎಂದ. ಲೇಖನಿ ಕೆಳಗಿಟ್ಟ. "ಗಂಡ ಎಲ್ಲಿ? ಆ ಕಡೆ ಬಂದೂಕು ಹಿಡ್ಕೊಂಡು ನಿಂತಿರಬೇಕು, ಅಲ್ವಾ? ಸೈನ್ಯದ ಕೋಟಿಗೆ ಹುಲ್ಲು ತುಂಬೋಕೆ ಕೆಂಪು ಪಕ್ಷದ ಹೆಂಗಸನ್ನ ಕಳ್ಸಿದಾರೆ ಅಂತ ನಾನು ಬರೆದ್ರೆ ಏನಾಗತ್ತೆ ಗೊತ್ತಾ? ಮಕ್ಕಳೆಷ್ಟು?"

ಕೊರಳಿನ ದಾರ ಬಿಚ್ಚಿದೆ. ಮೂವತ್ತನ್ನು ಕೆಂಪು ಮಸಿಯಲ್ಲಿ ಅದ್ದಿದೆ. ಒತ್ತಿದೆ. ಅವಳು ನನ್ನ ಕಡೆ ನೋಡುತ್ತಿದ್ದಳು. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ.

"ನಿನ್ನ ಮುದ್ರೆ ಎಲ್ಲಿ? ತಪ್ಪೊಪ್ಪಿಗೆಗೆ ಒತ್ತು" ಎಂದು ಅವಳನ್ನು ಒದ್ದ.

"ಕಳ್ದೋಯ್ತು" ಎಂದಳು.

ಗುಡಿಸಲಿಗೆ ಬಂದು ಅನ್ನದ ಡಬ್ಬಿ ತೊಳೆಯಲು ಚೀಲ ತೆರೆದೆ. ಒಳಗೆ ಮೂವತ್ತೊಂದು ಇತ್ತು. ನನ್ನ ಮೇಲೆ ಬಿದ್ದಾಗ ನನ್ನ ಚೀಲಕ್ಕೆ ಹಾಕಿದ್ದಳು. ನನ್ನನ್ನು ನಂಬಿ ಹಾಕಿದ್ದಳು.

ಸೈನ್ಯದ ಕೋರ್ಟು ಅವಳ ಮೊಕದ್ದಮೆಗೆ ಹತ್ತು ನಿಮಿಷ ತೆಗೆದುಕೊಂಡಿತು. ಅವಳ ಮುದ್ರೆಯಿಲ್ಲದಿದ್ದರೇನು, ಐದು ಸಾಕ್ಷಿಗಳ ಮುದ್ರೆ ಇತ್ತಲ್ಲ. ಮೂರು ವರ್ಷ.

ಅವಳ ಸ್ಟೂಲು ಖಾಲಿ. ಹುಲ್ಲು ಮಾತ್ರ ನಿಲ್ಲಲಿಲ್ಲ. ಮೊದಲಿಗಿಂತ ಹೆಚ್ಚೇ ಬಂತು. ಪೊಹಂಗ್ ಚಿಕ್ಕಮ್ಮ ನನ್ನ ಹತ್ತಿರ ಮಾತು ಬಿಟ್ಟಿದ್ದಳು. ಒಂದು ದಿನ ಕೊಡತಿಯಲ್ಲಿ ಹುಲ್ಲು ಬಡಿಯುವಾಗ ಪಕ್ಕಕ್ಕೆ ಬಂದು ಕೂತಳು.

"ಏನೇ ಸಾಕ್ಷಿ, ರಾತ್ರಿ ನಿದ್ದೆ ಬರತ್ತಾ?"

ನಾನು ಸೊಂಟದ ಗಂಟು ಬಿಚ್ಚಿ ಮೂವತ್ತೊಂದನ್ನು ತೋರಿಸಿದೆ. ಅವಳು ಬಡಿಯುವುದನ್ನು ನಿಲ್ಲಿಸಿದಳು. ಮುದ್ರೆಯನ್ನು ತಿರುಗಿಸಿ ನೋಡಿದಳು.

"ಅವಳು ಒಳಗಿದಾಳೆ. ಹೌದಾ?"

"ಹೌದು."

"ಅವಳು ಒಳಗಿರುವಾಗ ಮೂವತ್ತೊಂದು ಅಂತ ಹುಲ್ಲಿನ ಕೋಟು ಹೊರಗೆ ಬಂದ್ರೆ? ಆಗ ಹುಲ್ಲು ತುಂಬಿದ್ದು ಯಾರು ಅಂತಾಯ್ತು?"

ಮಾರನೆಯ ದಿನದಿಂದ ಶುರುವಾಯಿತು. ನಾನು ಒತ್ತಿ ಚಿಕ್ಕಮ್ಮನಿಗೆ ಕೊಡುತ್ತಿದ್ದೆ. ಅವಳು ಹಿಂದಿನವಳಿಗೆ. ಬಟ್ಟೆಯ ಚೂರಿನಲ್ಲಿ ಸುತ್ತಿ, ಹುಲ್ಲಿನ ಬುಟ್ಟಿಯಲ್ಲಿ ಹುದುಗಿಸಿ, ಆ ಒಂದು ಮರದ ತುಂಡು ಸಾಲಿನಿಂದ ಸಾಲಿಗೆ ತಿರುಗಿತು. ಮುದ್ರೆ ಒತ್ತಿದ್ದ ಉಳಿದ ನಾಲ್ವರು ಸಾಕ್ಷಿಗಳೂ ಒತ್ತಿದರು. ಯಾರಿಗೂ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಹತ್ತು ದಿನದಲ್ಲಿ ಕಾರ್ಖಾನೆಯಿಂದ ಹೊರಟ ಕೋಟೆಲ್ಲ ಮೂವತ್ತೊಂದೇ. ಯಾರಾದರೂ ನೋಡುತ್ತಾರೆ, ಕೇಳುತ್ತಾರೆ, ರಾಜಧಾನಿಗೆ ಸುದ್ದಿ ಹೋಗುತ್ತದೆ ಎಂದು ಕಾದೆವು.

ಯಾರೂ ನೋಡಲಿಲ್ಲ. ಮೇಸ್ತ್ರಿ ಕಟ್ಟು ಎಣಿಸಿದ, ಕರ್ನಲ್ ಬಂದು ಹತ್ತು ಕೋಟು ತಟ್ಟಿ "ಭೇಷ್" ಎಂದ, ಲಾರಿ ಹೊರಟಿತು. ಕಾಲರಿನ ಒಳಗೆ ನೋಡುವುದು ಬಡವಳನ್ನು ಹಿಡಿಯಬೇಕಾದಾಗ ಮಾತ್ರ ಎಂದು ನಮಗೆ ಆಗ ಅರ್ಥವಾಯಿತು.

ಜನವರಿಯಲ್ಲಿ ದಾಲ್ಸುವಿನ ಕಾಗದ ಬಂತು. ಅಮ್ಮ ಜೈಲಿನಲ್ಲಿರುವುದನ್ನು ಯಾರೂ ಅವನಿಗೆ ತಿಳಿಸಿರಲಿಲ್ಲ. ಬರೆಯಬೇಕಾದವಳು ನಾನು. ಬರೆದಿರಲಿಲ್ಲ. ಅಲ್ಲಿಯವರೆಗೆ ಜೈಲಿನ ಕಡೆಗೂ ಕಾಲಿಟ್ಟಿರಲಿಲ್ಲ. ಈ ಕಾಗದ ಓದಿದ ಮೇಲೆ ಹೋಗದೆ ಇರಲು ಆಗಲಿಲ್ಲ. ಭಾನುವಾರ ಮಧ್ಯಾಹ್ನ, ಕಂಬಿಯ ಈ ಕಡೆ ನಾನು, ಆ ಕಡೆ ಅವಳು. ಅರ್ಧ ಆಗಿಹೋಗಿದ್ದಳು.

"ಮಕ್ಕಳು ಉಂಡ್ವಾ?" ಎಂದಳು. ಅವಳ ಮೊದಲ ಮಾತು ಅದು. ನನಗೆ ಅಲ್ಲೇ ನೆಲ ಬಾಯ್ಬಿಟ್ಟು ನುಂಗಬಾರದೇ ಎನಿಸಿತು.

"ದಾಲ್ಸು ಕಾಗದ" ಎಂದೆ.

"ಓದು. ಪೂರ್ತಿ ಓದು. ನಿನ್ನ ಬುದ್ಧಿ ನಂಗೊತ್ತು."

ಓದಿದೆ. 'ಅಮ್ಮಾ, ಮೂವತ್ತೊಂದು ಸಿಕ್ಕಿತು. ಒಂದಲ್ಲ. ನಮ್ಮ ತುಕಡಿಗೆ ಬಂದ ನಲವತ್ತೂ ಮೂವತ್ತೊಂದೇ. ನಾನೇ ಕುಣಿದಾಡಿ ಎಲ್ಲರಿಗೂ ಹಂಚಿದೆ. ಎರಡನೆಯ ದಿನ ಹಿಮ ಬಿತ್ತು. ಅಮ್ಮಾ, ಹುಲ್ಲು. ನಲವತ್ತರಲ್ಲೂ ಹುಲ್ಲು. ನನ್ನ ಎಡಗಾಲಿನ ಎರಡು ಬೆರಳು ಕಪ್ಪಾಗಿ ಕತ್ತರಿಸಿದರು. ಅದಕ್ಕೆ ಅಳಲಿಲ್ಲ. ನಿಮ್ಮಮ್ಮನ ಕೋಟು ಹೇಗಿದೆಯೋ ಎಂದು ಎಲ್ಲರೂ ಕೇಳುತ್ತಾರೆ. ನಾನು ಯಾರ ಮುಖವನ್ನೂ ನೋಡುತ್ತಿಲ್ಲ. ನೀನು ಹೀಗೆ ಮಾಡಿದೆಯಾ ಅಮ್ಮಾ?'

ಅವಳು ಕಂಬಿ ಹಿಡಿದುಕೊಂಡಳು. "ನಲವತ್ತೂ ನಂದೇ?"

"ನಾವೆಲ್ಲ ಸೇರಿ ಒತ್ತಿದ್ದು ಅಕ್ಕಾ. ನಿನ್ನ ಬಿಡ್ಸೋಕೆ. ಯಾರಾದ್ರೂ ನೋಡ್ತಾರೆ ಅಂತ."

"ಯಾರು ನೋಡಿದ್ರು?"

"ಯಾರೂ ನೋಡ್ಲಿಲ್ಲ."

"ಒಬ್ಬ ನೋಡಿದ್ನಲ್ಲ" ಎಂದಳು.

ನಾನು ಕಾಗದ ತಿರುಗಿಸಿ ತೋರಿಸಿದೆ. "ಇದ್ರ ಮೇಲೆ ಸೈನ್ಯದ ಅಂಚೆ ಮೊಹರಿದೆ ಅಕ್ಕಾ, ತಾರೀಕಿದೆ. ನೀನು ಒಳಗಿದ್ದಾಗ ಮೂವತ್ತೊಂದು ಬಂದಿದೆ ಅಂತ ಇದೇ ಸಾಕ್ಷಿ. ಇದನ್ನ ಕೊಟ್ರೆ..."

"ಕೊಟ್ರೆ ಗುಡ್ಡದ ಮೇಲಿರೋ ನನ್ನ ಮಗನ್ನ ಹಿಡೀತಾರೆ, ಸೈನ್ಯದ ಮಾನ ಕಳ್ದ ಅಂತ. ಇಲ್ಲಿ ನಾನು, ಅಲ್ಲಿ ಅವನು. ಕೊಡ್ಬೇಡ." ಕಾವಲಿನವಳು ನಮ್ಮ ಕಡೆ ಬರುತ್ತಿದ್ದಳು. "ತಿನ್ನು. ತಿನ್ನೇ!"

ಕಾಗದ ಪೂರ್ತಿ ಬಾಯಿಗೆ ತುರುಕಿ ಅಗಿದೆ. ಮಸಿ ಕಹಿ. ಗಂಟಲಲ್ಲಿ ಸಿಕ್ಕಿಕೊಂಡಿತು, ಕಣ್ಣೀರು ಬಂತು, ನುಂಗಿದೆ. ಕಾವಲಿನವಳು ಕೇಳಿದಾಗ ಉಯ್ಸೊಂಗ್ ಅಕ್ಕ, "ಪಾಪ, ಹಸಿದಿದ್ಲು" ಎಂದಳು.

ಇನ್ನು ನನ್ನ ಹತ್ತಿರ ಉಳಿದದ್ದು ನನ್ನ ಮಾತು ಒಂದೇ. ಮೂರು ದಿನ ಯೋಚಿಸಿದೆ. ನಾಲ್ಕನೆಯ ದಿನ ಮಕ್ಕಳನ್ನು ಪೊಹಂಗ್ ಚಿಕ್ಕಮ್ಮನ ಮನೆಯಲ್ಲಿ ಬಿಟ್ಟೆ. ಚಿಕ್ಕಮ್ಮ ಏನೂ ಕೇಳಲಿಲ್ಲ. ಕಿರಿಯವಳ ಮೂಗು ಒರೆಸಿ, "ಮೂರು ತಲೆ ಜೊತೆ ಎರಡು, ಏನಾಯ್ತೀಗ?" ಎಂದಳು.

ಅಧಿಕಾರಿ ಅದೇ ಒಲೆಯ ಪಕ್ಕ ಕೂತಿದ್ದ.

"ನಾನು ಒತ್ತಿದ್ದು ಸುಳ್ಳು" ಎಂದೆ. "ಅವಳು ಏನೂ ಕದ್ದಿಲ್ಲ. ಹತ್ತಿ ನಮ್ಮ ಕೈಗೇ ಬರಲ್ಲ. ಹಿಂದಿನ ಗೇಟಿಂದ ಹೋಗತ್ತೆ. ಕರ್ನಲ್ ಮನೆ ಮದುವೆಗೆ ಹೋಗಿದ್ದನ್ನ ಈ ಕೈಯಲ್ಲೇ ಬಿಡಿಸಿದೀನಿ."

ಅವನು ಸಿಟ್ಟಾಗಲಿಲ್ಲ. ಬೇಜಾರಾದವನ ಹಾಗೆ ಕಂಡ. "ನೋಡಮ್ಮಾ, ಮುದ್ರೆ ನಿಜ ಆದ್ರೆ ನೀನೀಗ ಸೈನ್ಯದ ಮೇಲೆ ಅಪವಾದ ಹಾಕ್ತಿದೀಯ ಅಂತಾಗತ್ತೆ. ಬಾಯಿ ನಿಜ ಆದ್ರೆ ಕೋರ್ಟಿಗೆ ಸುಳ್ಳು ಸಾಕ್ಷಿ ಕೊಟ್ಟೆ ಅಂತಾಗತ್ತೆ. ಎರಡಕ್ಕೂ ಒಳಗೆ ಜಾಗ ಇದೆ. ಮನೆಗೆ ಹೋಗು, ಮಕ್ಕಳಿದಾವೆ."

"ಕಾಗದ ಕೊಡಿ" ಎಂದೆ. "ಹೇಳಿದ್ದನ್ನ ಬರೀತೀನಿ. ನಂಗೆ ಬರೆಯೋಕೆ ಬರತ್ತೆ."

ಬರೆದೆ. ಬರೆದು ಕೆಳಗೆ ಮುದ್ರೆ ಒತ್ತಿದೆ. ಅವನು ಕಾಗದ ಎತ್ತಿ ನೋಡಿದ. ಮೂವತ್ತಲ್ಲ. ಮೂವತ್ತೊಂದು.

"ಇದೆಲ್ಲಿತ್ತು?" ಈ ಸಲ ಎದ್ದು ನಿಂತ.

"ನನ್ನ ಹತ್ರ. ಅವಳು ಒಳಗೆ ಬಂದ ಮೇಲೆ ಮೂವತ್ತೊಂದು ಅಂತ ಒತ್ತಿದ್ದು ನಾನೊಬ್ಬಳೇ. ಹುಲ್ಲು ಕೊಟ್ಟಿದ್ದು ನೀವು."

ಹೊಡೆದ. ಕಿವಿಯಲ್ಲಿ ಗುಂಯ್ ಎನ್ನುವುದು ಇನ್ನೂ ಹೋಗಿಲ್ಲ. ನಾನು ಬರೆದ ಕಾಗದವನ್ನು ನನ್ನೆದುರಿಗೇ ಒಲೆಗೆ ಹಾಕಿದ. ಹಿಂದೆಯೇ ಮೂವತ್ತೊಂದನ್ನು ಹಾಕಿದ. ಒಣ ಮರ, ಬೇಗ ಹತ್ತಿಕೊಂಡಿತು. ಆಮೇಲೆ ಹೊಸ ಕಾಗದ ತೆಗೆದ. ಹತ್ತಿ ಕಳವಿನಲ್ಲಿ ಮೂವತ್ತನೆಯ ನಂಬರಿನವಳೂ ಪಾಲುದಾರಳು ಎಂದು ಅವನೇ ಬರೆದ.

ಈಗ ನಾನು ಜೈಲಿನಲ್ಲಿ ಅವಳ ಪಕ್ಕದಲ್ಲೇ ಇದ್ದೇನೆ. ಮೊದಲಿನ ಹಾಗೆ, ಮೂವತ್ತು, ಮೂವತ್ತೊಂದು. ನಡುವೆ ರಟ್ಟಿನ ಗೋಡೆಯೂ ಇಲ್ಲ. ಬಂದ ದಿನ ಕಾಲಿಗೆ ಬಿದ್ದೆ. "ಏಳೇ, ನೆಲ ತಣ್ಣಗಿದೆ" ಎಂದಳು. ಅಷ್ಟೇ ಅಂದದ್ದು. ಕ್ಷಮಿಸಿದ್ದೇನೆ ಎನ್ನಲಿಲ್ಲ. ನಾನೂ ಕೇಳಲಿಲ್ಲ.

ಮೊನ್ನೆ ಬೆಳಿಗ್ಗೆ ಬಾಗಿಲು ತೆರೆದು ನಮ್ಮ ಕೋಣೆಗೆ ಮೂಟೆಗಳನ್ನು ತಂದು ಹಾಕಿದರು. ಹಿಂದೆಯೇ ಬ್ಯೊನ್ ಮೇಸ್ತ್ರಿ ಬಂದ. ಸೈನ್ಯ ಇನ್ನಷ್ಟು ಕೋಟು ಕೇಳಿದೆಯಂತೆ. ಹೆಚ್ಚಿನ ಕೆಲಸ ಪ್ಯೊ ಜೈಲಿಗೆ ಕೊಟ್ಟಿದ್ದಾನೆ. ಕೂಲಿ ಕೊಡಬೇಕಾಗಿಲ್ಲವಲ್ಲ. ಇಪ್ಪತ್ತು ಹೆಂಗಸರಿಗೆ ಸೂಜಿ ಹಂಚಿದರು. ಕೋಟು ಮುಗಿಸದವರಿಗೆ ಅನ್ನ ಇಲ್ಲ ಎಂದರು.

ಉಯ್ಸೊಂಗ್ ಅಕ್ಕ ಮೂಟೆ ಬಿಚ್ಚಿದಳು. ಕೈ ಹಾಕಿ ಒಂದು ಹಿಡಿ ಹೊರಗೆ ತೆಗೆದಳು. ಹುಲ್ಲು.

"ಮೇಸ್ತ್ರಿ" ಎಂದಳು. "ಕಳ್ಳಿಯರು ನಾವು ಒಳಗಿದೀವಿ. ಇದನ್ನ ತುಂಬಿದ್ದು ಯಾರು?"

ಮೇಸ್ತ್ರಿ ಕಾವಲಿನವಳ ಕಡೆ ನೋಡಿದ. ಕಾವಲಿನವಳು ಗೋಡೆ ನೋಡಿದಳು.

ಅಕ್ಕ ಸೂಜಿಯನ್ನು ನೆಲದ ಮೇಲಿಟ್ಟು ಗೋಡೆಗೆ ಒರಗಿ ಕೂತಳು. ನಾನೂ ನನ್ನ ಸೂಜಿ ಅದರ ಪಕ್ಕದಲ್ಲಿಟ್ಟೆ. ಉಳಿದವರು ಹೊಲಿಯತೊಡಗಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ನಾನು ಮುದ್ರೆ ಒತ್ತಿದವಳು.

ಎರಡು ದಿನವಾಯಿತು, ನಮ್ಮಿಬ್ಬರಿಗೆ ಅನ್ನವಿಲ್ಲ. ಮೂಟೆ ಕಾಲ ಹತ್ತಿರವೇ ಇದೆ. ಅಕ್ಕ ಕೆಮ್ಮುತ್ತಾಳೆ, ಉಗುಳಿದರೆ ಈಗಲೂ ಹಳದಿ. ಇವತ್ತು ಮಧ್ಯಾಹ್ನ ನನ್ನನ್ನು ಮೊಣಕೈಯಲ್ಲಿ ತಿವಿದಳು.

"ದಾಲ್ಸೂಗೆ ಒಂದು ಕಾಗದ ಬರೀತೀಯಾ?"

"ಏನು ಬರೀಲಿ ಅಕ್ಕಾ?"

"ಮೂವತ್ತೊಂದು ಇನ್ಮೇಲೆ ಬರಲ್ಲ ಅಂತ ಬರಿ."

ಇಲ್ಲಿ ಕಾಗದವಿಲ್ಲ. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ. ನೀವು ಹೊರಗಿದ್ದೀರಿ.